ಗೌರಿ ಓದಿದ ಸೋಮವಾರ

ಎಂಟು ವರ್ಷ ತುಂಬಿದರೂ ನನ್ನ ಮಗಳು ಗೌರಿಗೆ ಒಂದು ಸಾಲು ಓದಲು ಬರುತ್ತಿರಲಿಲ್ಲ. ಶಿವನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅವಳಿಗೆ ಪಾಠ ಹೇಳುವವಳು ಬೇರೆ ಯಾರೂ ಅಲ್ಲ, ನಾನೇ. ಹಾಗಾಗಿ ಆಗ ಈ ಸಂಕಟ ಹೇಳಿಕೊಳ್ಳಲು ನನಗೆ ಮುಖವಿರಲಿಲ್ಲ. ರಟ್ಟೀಹಳ್ಳಿಯ ಕದಂಬೇಶ್ವರನ ದಯೆಯಿಂದ ಈಗ ಬರೆಯುತ್ತಿದ್ದೇನೆ.

ನಾವು ಸವಣೂರಿನ ಹೊರಗೆ ಎಲೆತೋಟದಲ್ಲೇ ಇರುವವರು. ದೊಡ್ಡ ಮಗಳು ಕವಿತಾ ಸಣ್ಣವಳಿದ್ದಾಗ ಉಬ್ಬಸದಿಂದ ತಿಂಗಳುಗಟ್ಟಲೆ ಶಾಲೆ ತಪ್ಪಿಸುತ್ತಿದ್ದಳು. ಪಿಯುಸಿ ಓದಿದ್ದ ನಾನು ಮನೆಯಲ್ಲೇ ಕಲಿಸಲು ಕುಳಿತೆ. ಆಮೇಲೆ ಹುಟ್ಟಿದ ಮಗ, ಗೌರಿ, ಕೊನೆಯ ಗಂಡು ಕೂಸು, ಹೀಗೆ ನಾಲ್ವರಿಗೂ ಮನೆಯೇ ಶಾಲೆಯಾಯಿತು. ಕೊಯ್ದ ವೀಳ್ಯದೆಲೆಯ ಬುಟ್ಟಿ ಮುಂದಿಟ್ಟುಕೊಂಡು ನಾನು ಎಲೆ ಹೊಂದಿಸಿ ಕಟ್ಟು ಕಟ್ಟುತ್ತಿದ್ದೆ. ಕೈ ಬಿಡುವಿಲ್ಲ, ಅದಕ್ಕೆ ಪುಸ್ತಕ ನನ್ನ ಕಡೆ ಮುಖ ಮಾಡಿ ನೆಲದ ಮೇಲೆ. ಕವಿತಾ ಮತ್ತು ಅವಳ ತಮ್ಮ ನನ್ನ ಎರಡೂ ಮಗ್ಗುಲಿಗೆ ಕುಳಿತು ಓದುವರು. ಗೌರಿ ಎದುರಿಗೆ ಕುಳಿತು ಬುಟ್ಟಿಯಿಂದ ಎಲೆ ತೆಗೆದು ಕೊಡುವಳು. ಒಬ್ಬಳಿಗೆ ಬೀಜಗಣಿತ, ಒಬ್ಬನಿಗೆ ಮಗ್ಗಿ, ನಡುವೆ ಶೇಂಗಾ ಉಂಡಿಗಾಗಿ ಸಣ್ಣವನ ರಂಪಾಟ. ಕವಿತಾ ಮುಕ್ತ ಶಾಲೆಯಿಂದ ಹತ್ತನೇ ಪರೀಕ್ಷೆ ಪಾಸಾದಾಗ ಆಡಿಕೊಳ್ಳುವವರ ಬಾಯಿ ಮುಚ್ಚಿತು. ನನಗೂ ಸ್ವಲ್ಪ ಕೊಂಬು ಬಂದಿತ್ತು, ಸುಳ್ಳೇಕೆ ಹೇಳಲಿ.

ಗೌರಿಯ ಮುಂದೆ ಆ ಕೊಂಬು ನಡೆಯಲಿಲ್ಲ. ಬಾಯಿಪಾಠ ಕೇಳಿ, ಪಟಪಟ ಹೇಳುವಳು. ಪುಸ್ತಕ ಕೊಟ್ಟರೆ ಮೂಕಿ. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕಾದೆವು. ಚಿತ್ರ ತೋರಿಸಿ, ಹನಿ ಹಾಕಿ ನೋಡಿದ ಡಾಕ್ಟರು ಕಣ್ಣು ಚೆನ್ನಾಗಿವೆ ಎಂದರು. ಮನೆಗೆ ಬಂದು ನಾನು ಬೈದೆ, ಎರಡೇಟು ಹಾಕಿದೆ, ಅಡಿಗೆಮನೆಗೆ ಹೋಗಿ ಅತ್ತೆ. ಒಂದು ದಿನ ಅವಳೇ ಹತ್ತಿರ ಬಂದು ಕೇಳಿದಳು.

"ಯವ್ವಾ, ನನ್ನ ತಲ್ಯಾಗ ಏನೂ ಇಲ್ಲೇನ?"

ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡೆ.

ನಮ್ಮ ಭಾವನವರು ಹಿರೇಕೆರೂರಿನಲ್ಲಿ ಮಾಸ್ತರರು. ಹೋದ ವರ್ಷ ಯುಗಾದಿಗೆ ಬಂದಾಗ ಗೌರಿಯನ್ನು ಓದಿಸಿ ನೋಡಿ, ಜೂನ್‌ನಲ್ಲಿ ಹಾನಗಲ್ಲಿನ ಹಾಸ್ಟೆಲ್ ಶಾಲೆಗೆ ಹಾಕಲೇಬೇಕೆಂದರು. ಅವರು ಕೆಟ್ಟವರಲ್ಲ, ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳಿದರು. ಆದರೂ ನಾನು ಕೂಗಾಡಿದೆ. ಎಂಟು ವರ್ಷದ ಕೂಸು, ಇನ್ನೂ ನನ್ನ ಸೆರಗು ಹಿಡಿದು ಮಲಗುವಂಥದ್ದು. ನಮ್ಮ ಮನೆಯವರು ಮಾತ್ರ ಮೆಲ್ಲಗೆ, "ನಿನ್ನ ಹಟಕ್ಕ ಕೂಸಿನ ಬಾಳೇ ಹಾಳ ಮಾಡಬ್ಯಾಡ" ಎಂದರು.

ರಟ್ಟೀಹಳ್ಳಿ ನನ್ನ ತವರು. ಐದು ಸೋಮವಾರ ಬಂದು ಪಾದ ಹಿಡಿಯುತ್ತೇನೆ, ಈ ಕೂಸಿಗೆ ಅಕ್ಷರ ಕೊಡು ಎಂದು ಕದಂಬೇಶ್ವರನಿಗೆ ಹರಕೆ ಹೊತ್ತೆ. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು, ಸಣ್ಣವರನ್ನು ಕವಿತಾಳಿಗೆ ಒಪ್ಪಿಸಿ, ಗೌರಿಯೊಂದಿಗೆ ಬಸ್ಸು ಹತ್ತಿ ಹಾವೇರಿಯಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದೆ. ನಾಲ್ಕು ಸೋಮವಾರ ಹೋಗಿ ಬಂದರೂ ಏನೂ ಆಗಲಿಲ್ಲ. ನಾಲ್ಕನೆಯ ಸಲ, ನಿನಗೆ ಕಿವಿ ಇಲ್ಲವೇ ಎಂದು ದೇವರಿಗೇ ಬೈದು ಬಂದೆ. ನನ್ನ ಬಾಯಿ ಅಂಥದ್ದು, ಅವನಿಗೂ ಗೊತ್ತು.

ಐದನೆಯ ಸೋಮವಾರ ಗುಡಿಯಲ್ಲಿ ಒಬ್ಬ ಅಜ್ಜಿ ಕಂಬಕ್ಕೆ ಒರಗಿ, ತೊಡೆಯ ಮೇಲೆ ಶಿವಸ್ತುತಿಯ ಪುಸ್ತಕ ಇಟ್ಟುಕೊಂಡು ಓದುತ್ತಿದ್ದರು. ಎದುರಿಗೆ ಗೌರಿ ಪ್ರಸಾದದ ಬಾಳೆಹಣ್ಣು ತಿನ್ನುತ್ತಿದ್ದಳು. ಅಜ್ಜಿ ಒಂದು ಪದದಲ್ಲಿ ತಡವರಿಸಿದರು. ಗೌರಿ ಆ ಪದ ಹೇಳಿದಳು. ಇನ್ನೊಂದರಲ್ಲಿ ತಡವರಿಸಿದರು, ಅದನ್ನೂ ಹೇಳಿದಳು. ಆ ಪುಸ್ತಕ ನಮ್ಮ ಮನೆಯಲ್ಲೇ ಇಲ್ಲ, ಬಾಯಿಪಾಠ ಆಗಿರಲು ಸಾಧ್ಯವಿಲ್ಲ. ನಾನು ಓಡಿಹೋಗಿ ಪುಸ್ತಕ ಇಸಿದುಕೊಂಡು ಅವಳ ಮುಂದೆ ಹಿಡಿದೆ. ಮತ್ತೆ ಮೂಕಿ. ನನಗೆ ಅಳುವೇ ಬಂತು.

"ಹೊಳ್ಳಿಸಿ ಹಿಡೀವಾ," ಎಂದರು ಅಜ್ಜಿ. "ನಿನ್ನ ಕೂಸು ತೆಳಗ ಮ್ಯಾಲ ಮಾಡಿ ಓದತೈತಿ."

ತಲೆಕೆಳಗು ಮಾಡಿ ಹಿಡಿದೆ. ಬಾಳೆಹಣ್ಣು ಮೆತ್ತಿದ ಬೆರಳಿಟ್ಟುಕೊಂಡು ಗೌರಿ ಇಡೀ ಪುಟ ಓದಿದಳು.

ಎಲೆಬುಟ್ಟಿಯ ಆಚೆ ಕುಳಿತು ಆರು ವರ್ಷ ಅಕ್ಕನ ಪಾಠ, ಅಣ್ಣನ ಪಾಠ ಎಲ್ಲವನ್ನೂ ಅವಳು ತಲೆಕೆಳಗಾಗಿಯೇ ಕಲಿತಿದ್ದಳು! ಅವಳು ಪುಸ್ತಕ ತಿರುಗಿಸಿ ಹಿಡಿದಾಗಲೆಲ್ಲ, ಹಿಡಿಯಲೂ ಬರುವುದಿಲ್ಲ ಎಂದು ಬೈದು ನೆಟ್ಟಗೆ ಮಾಡಿ ಕೊಟ್ಟವಳು ನಾನು. ಆ ಕಂಬದ ಬಳಿಯೇ ಮಗಳನ್ನು ತಬ್ಬಿಕೊಂಡು ಅತ್ತೆ. ಅಜ್ಜಿ ತಮ್ಮ ಪುಸ್ತಕ ತೊಯ್ಯುತ್ತದೆಂದು ಮೆಲ್ಲಗೆ ಎಳೆದುಕೊಂಡರು.

ಮರುದಿನದಿಂದ ಗೌರಿ ನನ್ನ ಮಗ್ಗುಲಿಗೆ ಬಂದಳು. ದಿನವೂ ಪುಸ್ತಕವನ್ನು ಒಂದಿಷ್ಟೊಂದಿಷ್ಟೇ ತಿರುಗಿಸುತ್ತ ಹೋದೆವು. ಜೂನ್ ಬರುವಷ್ಟರಲ್ಲಿ ನೆಟ್ಟಗಿನ ಅಕ್ಷರವೂ ಒಲಿಯಿತು.

ಫೋನಿನಲ್ಲಿ ಎಲ್ಲ ಹೇಳಿದ್ದರೂ ಭಾವನವರು ನಂಬಿರಲಿಲ್ಲ. ಹಾಸ್ಟೆಲ್ಲಿನ ಅರ್ಜಿ ತುಂಬಿಕೊಂಡೇ ಬಂದರು. ಕುರ್ಚಿಯಲ್ಲಿ ಕುಳಿತು ಅದನ್ನು ತೊಡೆಯ ಮೇಲೆ ಹರಡಿ ನಮ್ಮ ಮನೆಯವರ ಸಹಿಗಾಗಿ ಪೆನ್ನು ತೆಗೆದರು. ಎದುರಿಗೆ ನಿಂತಿದ್ದ ಗೌರಿ ಅರ್ಜಿಯನ್ನೇ ನೋಡುತ್ತಿದ್ದಳು.

"ದೊಡ್ಡಪ್ಪಾ, ಓದಾಕ ಬರೂದಿಲ್ಲ ಅಂತ ಬರದೀರಿ. ಬರತೈತ್ರಿ ನನಗ."

ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, ಅವಳನ್ನು ಎತ್ತಿ ಅದೇ ತೊಡೆಯ ಮೇಲೆ ಕೂರಿಸಿಕೊಂಡರು.

ಅಕ್ಷರ ಕೊಡು ಎಂದು ನಾನು ಬೇಡುತ್ತಿದ್ದಾಗ ತಂದೆ ಕದಂಬೇಶ್ವರ ಅದನ್ನು ಆಗಲೇ ಕೊಟ್ಟಿದ್ದ. ಬೈದವಳ ಮೇಲೂ ಅವನು ಮುನಿಯಲಿಲ್ಲ. ಹರಕೆ ತೀರಿ ವರ್ಷವಾಯಿತು, ಸೋಮವಾರ ಮಾತ್ರ ನಾನು ಬಿಟ್ಟಿಲ್ಲ. ಈಗ ಬೇಡಲು ಹೋಗುವುದಿಲ್ಲ, ಕೈಮುಗಿದು ಬರುತ್ತೇನೆ ಅಷ್ಟೇ.