ನೀರು ಬಿಡುವ ತೆಕ್ಲಾ

ಬೆಳಕಿಗೆ ಇನ್ನೂ ಬಣ್ಣ ಬಂದಿಲ್ಲ. ಬಿತೊಮ್ ಪಟ್ಟಣದ ಅಂಚಿನಲ್ಲಿ, ಮುಚ್ಚಿಹೋದ ಕಲ್ಲಿದ್ದಲು ಗಣಿಯ ಬೆನ್ನಿಗಿರುವ ಊರವರು ತುಂಡುತುಂಡಾಗಿ ಹಂಚಿಕೊಂಡ ತೋಟಗಳ ಗೇಟಿನ ಬಳಿ, ತೆಕ್ಲಾ ಗಾವ್ಲಿಕ್ ಬಗ್ಗಿ ಕಬ್ಬಿಣದ ಮುಚ್ಚಳವೊಂದನ್ನು ಸರಿಸುತ್ತಾರೆ. ಮೇ ತಿಂಗಳ ನಡುವಾದರೂ ಹುಲ್ಲಿನ ಮೇಲೆ ಹಿಮದ ಬಿಳಿ ಪುಡಿ. ಮೊದಲು ಎಡಗಾಲು, ಆಮೇಲೆ ಒಂದು ನಿಟ್ಟುಸಿರು, ಆಮೇಲೆ ಬಲಗಾಲು. ಹೀಗೆ ಅವರು ಏಣಿಯಿಳಿಯುತ್ತಾರೆ. ಎರಡಾಳುದ್ದದ ಆ ಗುಂಡಿಯ ತಳದಲ್ಲಿ ಇಡೀ ತೋಟದ ನೀರನ್ನು ತಡೆದು ನಿಲ್ಲಿಸಿದ ವಾಲ್ವ್ ಇದೆ. ಅದರ ಚಕ್ರವನ್ನು ಎರಡೂ ಕೈಗಳಿಂದ ತಿರುಗಿಸುತ್ತಾರೆ. ಪೈಪಿನೊಳಗೆ ಏನೋ ಗೊರಗುಟ್ಟುತ್ತದೆ, ಕೆಮ್ಮುತ್ತದೆ, ಆಮೇಲೆ ದೂರಕ್ಕೆ ಓಡಿಹೋಗುತ್ತದೆ.

"ಹೋಗು, ಹೋಗು," ಎನ್ನುತ್ತಾರೆ ತೆಕ್ಲಾ. ಮಾತು ನೀರಿನೊಂದಿಗೆ.

ಏರುವಾಗ ಮೊಣಕಾಲು ಮಾತು ಕೇಳುವುದಿಲ್ಲ. ನಡು ಏಣಿಯಲ್ಲಿ ಅವರು ನಿಂತುಬಿಡುತ್ತಾರೆ. ಪಕ್ಕದ ತೋಟದ ಅಲೋಯ್ಸ್ ಗುಂಡಿಯ ಅಂಚಿಗೆ ಬರುವ ಹೊತ್ತಿಗೆ ತೆಕ್ಲಾ ಅವರ ಬೆರಳುಗಳು ಕಬ್ಬಿಣದ ಚಳಿಗೆ ಮರಗಟ್ಟಿವೆ.

"ಏನ್ ತೆಕ್ಲಾ, ಅಲ್ಲೇ ಸಂಸಾರ ಹೂಡ್ತೀಯೇನು?"

"ಕೈ ಕೊಡು ಮಾರಾಯ. ನಿನ್ನ ತಮಾಷೆ ಮೇಲೆ ಬಂದು ಕೇಳ್ತೀನಿ."

ಅಲೋಯ್ಸ್ ಮಂಡಿಯೂರಿ ಕೈ ಚಾಚುತ್ತಾರೆ. ಎಳೆಯುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಾರೆ, ಕೆಳಗಿನ ಕತ್ತಲು ಕಾಣದಿರಲೆಂದು. ಗಣಿಯಲ್ಲಿ ಆಯುಸ್ಸು ಸವೆಸಿದ ಮನುಷ್ಯ ಅವರು. "ನನ್ನ ಪಾಲಿಂದೆಲ್ಲ ಇಳಿದು ಮುಗಿಸಿದ್ದೀನಿ," ಎನ್ನುತ್ತಾರೆ. "ಇನ್ನು ಇಳಿಯೋದು ಒಂದೇ ಸಲ. ಅದಕ್ಕೂ ನಾನು ಕಷ್ಟಪಡಲ್ಲ, ನಾಲ್ಕು ಜನ ಇಳಿಸ್ತಾರೆ."

ಇದು ಅವರೊಬ್ಬರ ಹಟವಲ್ಲ. ಈ ತೋಟಗಳ ಗಂಡಸರೆಲ್ಲ ಹೆಚ್ಚುಕಡಿಮೆ ಗಣಿಯವರೇ, ಮತ್ತು ನಿವೃತ್ತಿಯ ದಿನವೇ ಮಣ್ಣಿನ ಕೆಳಗಿನ ಲೋಕಕ್ಕೆ ಬೆನ್ನು ಹಾಕಿದವರು. ಆಲೂಗಡ್ಡೆ ತರಲು ನೆಲಮಾಳಿಗೆಗೆ ಹೆಂಡತಿಯನ್ನೇ ಕಳಿಸುವವರೂ ಅವರಲ್ಲಿದ್ದಾರೆ. ಅಂಗೈಯಗಲದ ನೆಲದಲ್ಲಿ ಡೇಲಿಯಾ, ಪಿಯೊನಿ, ನವಿಲುಕೋಸು ಬೆಳೆಯುತ್ತ ಅವರು ಬಯಸುವುದು ನೆತ್ತಿಯ ಮೇಲೊಂದು ಆಕಾಶವನ್ನು, ಅಷ್ಟೆ. ಹೀಗಾಗಿ ವಾಲ್ವಿನ ಗುಂಡಿಗೆ ಇಳಿಯುವ ಕೆಲಸ, ಎಂದೂ ಗಣಿಗಿಳಿಯದ ಈ ಹೆಂಗಸಿನ ಪಾಲಿಗೆ ಬಂದಿದೆ.

ತೆಕ್ಲಾ ದುಡಿದದ್ದು ಗಣಿಯ ದೀಪದ ಕೋಣೆಯಲ್ಲಿ. ಕೆಳಗಿಳಿಯುವವನು ಕಿಟಕಿಯಲ್ಲಿ ತನ್ನ ಹಿತ್ತಾಳೆಯ ಬಿಲ್ಲೆ ಕೊಡಬೇಕು, ದೀಪ ಪಡೆಯಬೇಕು. ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ಒಯ್ಯಬೇಕು. "ಪಾಳಿ ಮುಗಿದ್ಮೇಲೆ ಗೋಡೆ ನೋಡ್ತಿದ್ವಿ. ಎಲ್ಲ ಕೊಕ್ಕೇಲೂ ದೀಪ ಇದ್ರೆ ಸರಿ. ಒಂದು ಕೊಕ್ಕೆ ಖಾಲಿ ಇದ್ರೂ ಮನೆಗೆ ಹೋಗೋ ಹಾಗಿಲ್ಲ. ಒಬ್ಬ ಇನ್ನೂ ಕೆಳಗಿದ್ದಾನೆ ಅಂತ ಅರ್ಥ." ಖಾಲಿ ಕೊಕ್ಕೆ ಕಂಡ ರಾತ್ರಿಗಳ ಮಾತು ಬಂದರೆ ಫ್ಲಾಸ್ಕಿನ ಕಪ್ಪು ಚಹಾ ಬಗ್ಗಿಸಿ, ಆರುವವರೆಗೂ ಕೈಯಲ್ಲಿ ಹಿಡಿದು ಕೂರುತ್ತಾರೆ.

ಚಳಿಗಾಲವಿಡೀ ತೋಟಕ್ಕೆ ನೀರಿಲ್ಲ. ಏಪ್ರಿಲಿನಲ್ಲಿ ಬಿಡಬೇಕು, ಅಕ್ಟೋಬರಿನಲ್ಲಿ ನಿಲ್ಲಿಸಬೇಕು, ನಡುವೆ ಮೇ ತಿಂಗಳಲ್ಲಿ 'ಚಳಿ ತೋಟಿಗರ' ಕಾಟ. ಪಂಕ್ರಾತ್ಸಿ, ಸೆರ್ವಾತ್ಸಿ, ಬೊನಿಫಾತ್ಸಿ ಎಂಬ, ಹಿಮ ತರುವರೆಂದು ಜನ ಹೇಳುವ ಮೂವರು ಸಂತರ ಮೂರು ದಿನ, ಅವರ ಬೆನ್ನಿಗೆ 'ಚಳಿ ಝೋಷ್ಕಾ' ಎಂಬ ಸಂತಳ ಒಂದು ದಿನ. ಆ ನಾಲ್ವರು ದಾಟುವವರೆಗೆ ವಸಂತವನ್ನು ನಂಬುವಂತಿಲ್ಲ. ಒಂದು ವರ್ಷ ಉದಾಸೀನ ಮಾಡಿದ್ದಕ್ಕೆ ನೆಲದ ಮೇಲಿನ ಹಳೆಯ ಪೈಪುಗಳು ಹೆಪ್ಪುಗಟ್ಟಿ ಸೀಳಿಹೋಗಿದ್ದವು. ಅಂದಿನಿಂದ ಆ ದಿನಗಳಲ್ಲಿ ಸಂಜೆ ವಾಲ್ವ್ ಮುಚ್ಚಿ ಪೈಪು ಬರಿದುಮಾಡುವುದು, ಮುಂಜಾನೆ ತೆರೆಯುವುದು.

ಝೋಷ್ಕಾ ದಾಟದೆ ಟೊಮೆಟೊ ಸಸಿಯನ್ನು ಯಾರೂ ಹೊರಗೆ ನೆಡುವುದಿಲ್ಲ. ನೆಡಹೊರಟವರನ್ನು ಬೇಲಿಯಾಚೆಯಿಂದಲೇ ಗದರಿಸಿ ನಿಲ್ಲಿಸುತ್ತಿದ್ದವರು ತೆಕ್ಲಾ. ಈ ಸಲ ಅವರೇ ಮೇ ಮೊದಲ ವಾರದಲ್ಲಿ ನೆಟ್ಟಿದ್ದಾರೆ. ಬಹುಕಾಲ ಕಾದಿದ್ದ ಮೊಣಕಾಲಿನ ಆಪರೇಷನ್ನಿಗೆ ಕೊನೆಗೂ ಕರೆ ಬಂದಿದೆ, ಬರುವ ಸೋಮವಾರಕ್ಕೆ. "ಆಮೇಲೆ ಬೇಸಿಗೆಯೆಲ್ಲ ಬಗ್ಗೋ ಹಾಗಿಲ್ಲ ಅಂದ್ರು ಡಾಕ್ಟರು. ಝೋಷ್ಕಾ ಈ ಸಲ ನನ್ನ ಕಡೆ ನೋಡಲ್ಲ ಅಂದ್ಕೊಂಡೆ."

ಈಗ ನೀರು ಬಿಟ್ಟ ಮೇಲೆ ಅವರು ತಮ್ಮ ಪಾತಿಗೆ ಹೋಗುತ್ತಾರೆ. ಹೊದಿಸಿದ್ದ ಹಳೆಯ ಪರದೆ ಹಿಮಕ್ಕೆ ಸೆಟೆದು ರಟ್ಟಿನಂತಾಗಿದೆ. ಎತ್ತಿದರೆ ಒಳಗಿನ ಸಸಿಗಳೆಲ್ಲ ಕಪ್ಪಾಗಿ, ನೆನೆದ ಕಾಗದದಂತೆ ಮಲಗಿವೆ.

"ಊರಿಗೆಲ್ಲ ಉಪದೇಶ ಮಾಡ್ದೋಳು," ಎನ್ನುತ್ತಾರೆ ಅಲೋಯ್ಸ್ ಬೇಲಿಯಾಚೆಯಿಂದ.

"ಹೇಳಪ್ಪ, ಹೇಳು. ಇವತ್ತು ನಿನ್ನ ದಿನ."

ತೆಕ್ಲಾ ಸತ್ತ ಸಸಿಗಳನ್ನು ಬಿಟ್ಟು ಪಕ್ಕದ ಪಾತಿಯಿಂದ ಕೆಂಪು ಗುಂಡುಮೂಲಂಗಿಯೊಂದನ್ನು ಕೀಳುತ್ತಾರೆ. ಕೋಟಿಗೆ ಒರೆಸಿ, ಬಿಳಿ ಚೀಸ್ ಸವರಿದ ಬ್ರೆಡ್ಡಿನ ಜೊತೆ ಕಡಿಯುತ್ತಾರೆ. "ಮೂಲಂಗಿ ಅಂಗಡೀಲೂ ಸಿಗುತ್ತೆ. ಆದ್ರೆ ಕೀಳುವಾಗ ಮಣ್ಣು ಒಂಚೂರು ಹಿಡ್ಕೊಂಡು, ಆಮೇಲೆ ಹೋಗ್ಲಿ ಬಿಡು ಅಂತ ಬಿಟ್ಟುಕೊಡುತ್ತಲ್ಲ, ಅದು ಅಂಗಡೀಲಿ ಸಿಗಲ್ಲ." ಜೂನಿನಲ್ಲಿ ಪಿಯೊನಿ ಅರಳಿದಾಗ ಅದರ ಭಾರಕ್ಕೆ ಅದೇ ತಲೆಬಾಗುತ್ತದೆ, ಅದಕ್ಕೊಂದು ಕೋಲು ಕಟ್ಟುವುದು ಅವರಿಗೆ ವರ್ಷದ ಅತಿ ಸುಖದ ಕೆಲಸ. ಈ ಜೂನಿನಲ್ಲಿ ಅದನ್ನು ಕಟ್ಟುವವರಿಲ್ಲ. ನೀರು ಬಿಡುವವರೂ ಇನ್ನೂ ಸಿಕ್ಕಿಲ್ಲ. ಪೈಪು ಒಡೆದರೆ, ಒಂದು ನಲ್ಲಿ ಕೆಟ್ಟರೆ, ಬೇಸಿಗೆಯಲ್ಲೂ ಯಾರಾದರೂ ಇಳಿಯಲೇಬೇಕು. ಸಭೆಯಲ್ಲಿ ಕೇಳಿದಾಗ ಗಂಡಸರೆಲ್ಲ ತಂತಮ್ಮ ಬೂಟು ನೋಡಿಕೊಂಡರು.

ಇನ್ನೊಂದು ಮಾತನ್ನು ಅವರು ನಾಚುತ್ತಲೇ ಹೇಳುತ್ತಾರೆ. "ನೀರು ಬರೋದನ್ನ ನಾನು ನೋಡಿಲ್ಲ. ಏಪ್ರಿಲಲ್ಲಿ ಎಲ್ಲರೂ ನಲ್ಲಿ ತಿರುಗಿಸಿಟ್ಟು ಬಕೆಟ್ ಹಿಡ್ಕೊಂಡು ಕಾಯ್ತಾರೆ. ಬಂದ ಕೂಡ್ಲೇ ಚಪ್ಪಾಳೆ ಹೊಡೀತಾರಂತೆ. ನಾನು ಗುಂಡೀಲಿರ್ತೀನಲ್ಲ. ಮೇಲೆ ಬರೋಷ್ಟರಲ್ಲಿ ಎಲ್ಲ ಮುಗಿದು ಪಾತಿ ನೆನೀತಿರುತ್ತೆ."

ಆ ಸಂಜೆ ಮುಚ್ಚಲಿಕ್ಕೂ ತೆಕ್ಲಾ ಅವರೇ ಇಳಿಯುತ್ತಾರೆ. ಬೇರೆ ಯಾರಿದ್ದಾರೆ?

ಮರುದಿನ ಝೋಷ್ಕಾಳ ಮುಂಜಾನೆ. ಅವರು ಬರುವ ಹೊತ್ತಿಗೆ ಮುಚ್ಚಳ ಆಗಲೇ ಸರಿದಿದೆ. ಅಂಚಿನಲ್ಲಿ ಅಲೋಯ್ಸ್ ನಿಂತಿದ್ದಾರೆ, ಮುಖ ಹಿಮಕ್ಕಿಂತ ಬಿಳಿ. ಕಾಲ ಬಳಿ ತಮ್ಮ ಮನೆಯ ಕಿಟಕಿಯಲ್ಲಿ ಬೆಳೆಸಿದ ಟೊಮೆಟೊ ಸಸಿಗಳ ಪೆಟ್ಟಿಗೆ.

"ಯಾವ ಕಡೆ ತಿರುಗಿಸ್ಬೇಕು ಹೇಳು," ಎನ್ನುತ್ತಾರೆ. "ಬೇಗ ಹೇಳು. ಮನಸ್ಸು ಬದಲಾದೀತು."

"ಎಡಕ್ಕೆ. ಗಟ್ಟಿ ಇರುತ್ತೆ, ಹೆದರ್ಬೇಡ."

"ಹೆದರೋದು ಯಾರು? ಟಾರ್ಚ್ ಕೊಡು."

"ಬಿಲ್ಲೆ ಎಲ್ಲಿ?"

ಅಲೋಯ್ಸ್ ಜೇಬು ತಡಕಿ, ತಮ್ಮ ತೋಟದ ಕೀಲಿಯನ್ನು ಅವರ ಅಂಗೈಯಲ್ಲಿಡುತ್ತಾರೆ. ತೆಕ್ಲಾ ಟಾರ್ಚ್ ಕೊಡುತ್ತಾರೆ. "ದೇವರು ಕಾಯಲಿ," ಎನ್ನುತ್ತಾರೆ, ದೀಪದ ಕೋಣೆಯ ಕಿಟಕಿಯಲ್ಲಿ ಪ್ರತಿಯೊಬ್ಬನಿಗೂ ಹೇಳುತ್ತಿದ್ದ ಹಾಗೆಯೇ. ಅಲೋಯ್ಸ್ ಅವರ ತಲೆ ಕತ್ತಲಲ್ಲಿ ಮುಳುಗುವವರೆಗೆ ನಿಂತಿದ್ದು, ಕುಂಟುತ್ತ ತಮ್ಮ ಪಾತಿಯತ್ತ ನಡೆಯುತ್ತಾರೆ.

ನಲ್ಲಿ ತಿರುಗಿಸಿ ಕಾಯುತ್ತಾರೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತೆ ಗಾಳಿ, ಒಂದೆರಡು ಕೆಮ್ಮು, ತುಕ್ಕಿನ ಬಣ್ಣದ ಒಂದು ಉಗುಳು. ಕೊನೆಗೆ ತಿಳಿನೀರು ಬರುತ್ತದೆ. ತೆಕ್ಲಾ ಬಕೆಟ್ ಒಡ್ಡುವುದಿಲ್ಲ, ಕೈ ಒಡ್ಡುತ್ತಾರೆ. ನೀರು ಬೆರಳ ಸಂದಿಯಿಂದ ಜಾರಿ, ಕಪ್ಪಾದ ಸಸಿಗಳ ಬುಡಕ್ಕೆ ಹರಿಯುತ್ತದೆ.

"ಬಂತಾ?" ಗೇಟಿನ ಕಡೆಯಿಂದ, ನೆಲದೊಳಗಿನಿಂದ, ಅಲೋಯ್ಸ್ ಅವರ ದನಿ.

ತೆಕ್ಲಾ ಆ ನೀರನ್ನು ಇನ್ನೂ ಒಂದು ಗಳಿಗೆ ನೋಡುತ್ತಾರೆ.

"ಬಂತು," ಎನ್ನುತ್ತಾರೆ ಆಮೇಲೆ, ಆ ದೂರಕ್ಕೆ ಕೇಳುವಂತೆ. "ಈಗ ಮೇಲೆ ಬಾ. ದೀಪ ವಾಪಸ್ ಕೊಡು."