ತಿರುಗಿದ ಹೆಬ್ಬೆರಳು

ಇದನ್ನು ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಕಾಲದಿಂದಲೂ ಬುದ್ಧನ ಪಟ ಒಂದೇ. ದೆವ್ವ, ಮಾಟ, ಶಕುನದ ಮಾತು ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ನಾನು ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಅಳೆಯಲಾಗದ್ದನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಆದರೆ ಇದು ಅಳೆದದ್ದರಿಂದಲೇ ಆದದ್ದು.

ನಾಣ್ಯ ನೋಡುವುದನ್ನು ನನಗೆ ಕಲಿಸಿದವರು ಅಕ್ಕನ ಗಂಡ. ನಾವು ಮಾಮಾ ಎನ್ನುತ್ತೇವೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಪಾಳಿ ಮುಗಿಸಿ ಚಹಾ ಕುಡಿದಾಗ ಬಂದ ಚಿಲ್ಲರೆಯನ್ನು ಅವರು ಎಣಿಸುತ್ತಿರಲಿಲ್ಲ, ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಒಂದು ಬದಿಗೆ ಸರಿದು ಬಿದ್ದ ಅಚ್ಚು, ಎರಡು ಸಲ ಮೂಡಿದ ಅಂಕಿ, ಬಿರುಕು ಬಿಟ್ಟ ಅಚ್ಚಿನಿಂದ ಎದ್ದ ಕೂದಲೆಳೆಯಂಥ ಗೆರೆ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿದ್ದವು. ಒಂದನ್ನೂ ಮಾರಿದವರಲ್ಲ. “ಮಾಸ್ತರ, ನೀ ಹುಡುಗರ ತಪ್ಪ ಹಿಡೀತಿ, ನಾ ಸರಕಾರದ ತಪ್ಪ ಹಿಡೀತೀನಿ” ಎಂದು ನನ್ನನ್ನು ಕಾಡುತ್ತಿದ್ದರು.

ಅವರಿಗೆ ಹೆಚ್ಚು ಇಷ್ಟವಾದದ್ದು ಅಚ್ಚು ತಿರುಗಿದ ನಾಣ್ಯ. ಹೆಬ್ಬೆರಳು ಎತ್ತಿದ ಕೈಯ ಚಿತ್ರವಿರುವ ಒಂದು ರೂಪಾಯಿ ನಿಮ್ಮ ಜೇಬಿನಲ್ಲೂ ಇರಬಹುದು. ಸಿಂಹದ ಮುಖ ನೇರ ಮಾಡಿ, ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದರೆ, ಹಿಂದಿನ ಹೆಬ್ಬೆರಳೂ ನೇರ ಮೇಲಕ್ಕೆ ನಿಂತಿರಬೇಕು. ಟಂಕಿಸುವಾಗ ಒಂದು ಅಚ್ಚು ಸಡಿಲಾಗಿ ತಿರುಗಿದ್ದರೆ ಹೆಬ್ಬೆರಳು ವಾಲಿರುತ್ತದೆ. ಎಷ್ಟು ವಾಲಿದೆಯೋ ಅಷ್ಟೇ, ಕೊನೆಯ ತನಕ. ಒಮ್ಮೆ ಒತ್ತಿದ ಉಕ್ಕು ಮತ್ತೆ ತಿರುಗುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ತರಬೇತಿಗೆಂದು ಲಿಂಗಸುಗೂರಿಗೆ ಹೋಗಿದ್ದೆ. ಮಾಮಾ ಬಸ್ ನಿಲ್ದಾಣದಲ್ಲಿ ಕಾಯುತ್ತ ಕೂತಿದ್ದರು. ಕಾಗದದ ಪೊಟ್ಟಣ ನನ್ನ ಕೈಗಿಟ್ಟು, “ಪೂರಾ ತಲಿಕೆಳಗ ಐತಿ ನೋಡ. ಹೆಬ್ಬಟ್ಟು ಪಾತಾಳ ತೋರಸಾಕತ್ತೈತಿ. ಇಂಥಾದ್ದು ನನಗ ಇದ ಮೊದಲ ಸಿಕ್ಕದ್ದು” ಎಂದರು. ನಾನು ತಿರುಗಿಸಿದೆ. ಹೆಬ್ಬೆರಳು ಬಲಕ್ಕೆ ವಾಲಿತ್ತು, ಅಷ್ಟೇ. ಹಾಗೆಂದೆ. ಅವರು ನಾಣ್ಯ ತೆಗೆದುಕೊಂಡು ತಾವೇ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ನಿನ್ನೆ ಪೂರಾ ಕೆಳಗಿತ್ತು,” ಎಂದರು.

“ಉಕ್ಕು ತಿರುಗತೈತೇನ್ರಿ ಮಾಮಾ?” ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಮನೆಗೆ ಬಂದು ಸರಿಯಾಗಿ ಅಳೆದೆ. ಸಿಂಹದ ಬುಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಕಚ್ಚಿಸಿ, ಕ್ಲಿಪ್ಪನ್ನು ತಿರುಗಿಸಿ, ಹೆಬ್ಬೆರಳಿನ ಓರೆಗೆ ಕೋನಮಾಪಕ ಹಿಡಿದೆ. ಎಪ್ಪತ್ತೆರಡು ಡಿಗ್ರಿ. ಪೊಟ್ಟಣದ ಮೇಲೆ ತಾರೀಖಿನೊಂದಿಗೆ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಾಮಾನ ಮರೆವಿನ ಬಗ್ಗೆ ಅಕ್ಕ ಆಗಲೇ ಹೆದರಿದ್ದಳು. ಒಮ್ಮೆ ಗ್ಯಾಸ್ ಹಾಗೇ ಬಿಟ್ಟಿದ್ದರಂತೆ, ಕೇಳಿದ್ದನ್ನೇ ಕೇಳುತ್ತಿದ್ದರಂತೆ. ಫೋನಿನಲ್ಲಿ ನಾಣ್ಯದ ಸಂಗತಿ ಹೇಳಿದಾಗ “ಅದೂ ಹೋತೇನೋ?” ಎಂದಳು. ಬೇರೆ ಏನು ತಪ್ಪಿದರೂ ನಾಣ್ಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ ಎಂಬ ಒಂದೇ ಧೈರ್ಯ ಅವಳಿಗಿತ್ತು. ಮುಂದಿನ ವಾರ ಸಿಂಧನೂರಿನ ಡಾಕ್ಟರ ಬಳಿ ಕರೆದೊಯ್ದೆವು. ಏನಾದರೂ ಉದಾಹರಣೆ ಇದೆಯೇ ಎಂದು ಡಾಕ್ಟರು ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ. ಅವರು ನೂರೆಂಬತ್ತು ಅಂದದ್ದು, ಅಳೆದಾಗ ಎಪ್ಪತ್ತೆರಡು ಬಂದದ್ದು. ಮಾಮಾ ತಲೆ ಎತ್ತಲಿಲ್ಲ. ಗುಳಿಗೆ ಶುರುವಾಯಿತು. ನಾಣ್ಯದ ಡಬ್ಬಿಯ ಕೀಲಿ ಅಕ್ಕನ ಸೆರಗಿಗೆ ಬಂತು. ಒಬ್ಬರೇ ಬಸ್ ಹತ್ತುವುದು ನಿಂತಿತು.

ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಪೊಟ್ಟಣ ಬಿಚ್ಚಿದೆ. ಐವತ್ತೊಂದು ಡಿಗ್ರಿ.

ಕ್ಲಿಪ್ ಜಾರಿರಬೇಕು ಎಂದುಕೊಂಡು ಏಳು ಸಲ ಅಳೆದೆ. ಐವತ್ತು, ಐವತ್ತೊಂದು, ಐವತ್ತೆರಡು. ಅದರಾಚೆ ಹೋಗಲಿಲ್ಲ. ಪೊಟ್ಟಣದ ಮೇಲೆ ನನ್ನದೇ ಅಕ್ಷರದಲ್ಲಿ ಎಪ್ಪತ್ತೆರಡು ಎಂದಿತ್ತು. ಬೀರುವಿನ ಕೀಲಿ ನನ್ನ ಉಡಿದಾರದಲ್ಲಿತ್ತು. ಎಪ್ಪತ್ತೆರಡರ ಕೆಳಗೆ ಹೊಸ ಅಂಕಿ ಬರೆದೆ.

ಮರುತಿಂಗಳು, ಮೂರನೆಯ ಸಲ, ಏನೂ ಹೇಳದೆ ಹೆಂಡತಿಯಿಂದ ಅಳೆಸಿದೆ. “ಮೂವತ್ತಕ್ಕ ಒಂದು ಕಮ್ಮಿ ಅದ ರೀ,” ಎಂದಳು. ಮೊದಲು ಎಷ್ಟಿತ್ತು ಎಂದು ಕೇಳಿದಳು. ನಾನು ಪೊಟ್ಟಣ ಮಡಚಿ ಬೀರುವಿಗೆ ಬೀಗ ಹಾಕಿದೆ.

ಆ ದಿನವೇ ಹಟ್ಟಿಗೆ ಹೋಗಬೇಕಿತ್ತು. ಮಾಮಾ ನೋಡಿದ್ದು ನಿಜವಿರಬಹುದು ಎಂಬ ಒಂದು ಮಾತು ಹೇಳಬೇಕಿತ್ತು. ಅವರಿಗೆ ಮರೆವು ಇರಲೇ ಇಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಅವರ ಮೇಲೆ ನಾನು ನುಡಿದ ಸಾಕ್ಷಿ ಬಿದ್ದುಹೋಗಿತ್ತು. ಹೊಸ್ತಿಲು ದಾಟಲೂ ಈಗ ಕೇಳಿ ದಾಟುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಆದರೂ ನಾನು ತಡೆದೆ. ಇನ್ನೊಂದು ಅಳತೆ ಇರಲಿ, ಆಮೇಲೆ ಹೇಳೋಣ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದು.

ನಾಲ್ಕನೆಯ ಸಲ ಮಧ್ಯಾಹ್ನ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಕ್ಲಿಪ್ ತಿರುಗಿಸಿದೆ. ಹೆಬ್ಬೆರಳು ನೇರ ಮೇಲಕ್ಕಿತ್ತು. ಸೊನ್ನೆ. ನನಗೆ ಅಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ತೊಟ್ಟಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಒಳಗೆ ಬಂದಾಗ ಮೇಜಿನ ಮೇಲೆ ಪೊಟ್ಟಣವಿತ್ತು, ಕ್ಲಿಪ್ ಇತ್ತು, ನಾಣ್ಯವಿರಲಿಲ್ಲ.

ಹೆಂಡತಿ ಅದನ್ನು ಚಿಲ್ಲರೆ ಡಬ್ಬಿಗೆ ಹಾಕಿದ್ದಳು. “ತಿರುಗಿಸಿ ನೋಡೇ ಹಾಕೀನ್ರಿ. ನೆಟ್ಟಗ ಇತ್ತು. ನೆಟ್ಟಗಿದ್ದ ರೂಪಾಯಿ ಯಾಕ ಕಟ್ಟಿ ಇಡ್ತೀರಿ?”

ಡಬ್ಬಿ ಸುರುವಿದೆ. ಹೆಬ್ಬೆರಳಿನ ರೂಪಾಯಿ ಹನ್ನೊಂದು ಇದ್ದವು. ಹನ್ನೊಂದೂ ನೇರ. ಅಚ್ಚು ತಪ್ಪಿದ್ದಷ್ಟು ದಿನ ಅದನ್ನು ಸಾವಿರ ನಾಣ್ಯದ ನಡುವೆಯೂ ಗುರುತಿಸಬಹುದಿತ್ತು. ಅದರ ಇಸವಿಯನ್ನೂ ನಾನು ಬರೆದಿಟ್ಟಿರಲಿಲ್ಲ; ಈಗ ಅದು ಯಾವುದು ಎಂದು ಹೇಳಲು ಒಂದು ಗೆರೆಯೂ ಇರಲಿಲ್ಲ.

ಹನ್ನೊಂದನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಮರುದಿನ ಹಟ್ಟಿಗೆ ಹೋದೆ. ಪೊಟ್ಟಣ ತೋರಿಸಿದೆ, ನಡೆದದ್ದನ್ನು ಮೊದಲಿಂದ ಹೇಳಿದೆ. ನಿಮ್ಮ ಕಣ್ಣು ತಪ್ಪಿರಲಿಲ್ಲ ಎಂದೆ. ಮಾಮಾ ತಾಳ್ಮೆಯಿಂದ ಕೇಳಿದರು. ಹನ್ನೊಂದನ್ನೂ ಒಂದೊಂದಾಗಿ ತಿರುಗಿಸಿ, ಸಾಲಾಗಿ ಚಾಪೆಯ ಮೇಲಿಟ್ಟರು.

“ಎಲ್ಲಾ ನೆಟ್ಟಗ ಅದಾವಲ್ಲ ತಮ್ಮಾ,” ಎಂದರು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಅಕ್ಕನಿಗೆ ಕೇಳದಂತೆ ದನಿ ತಗ್ಗಿಸಿದರು. “ನನಗೂ ಮೊದಲ ಹಿಂಗ ಆಗಿತ್ತು. ಹೆದರಬ್ಯಾಡ. ಸಿಂಧನೂರಿನ ಡಾಕ್ಟರು ಚಲೋ ಅದಾರ. ಒಮ್ಮೆ ತೋರಿಸ್ಕೊಂಡು ಬಾ.”

ಬಸ್ ನಿಲ್ದಾಣದಲ್ಲಿ ನಾನು ಅವರನ್ನು ನೋಡಿದ್ದ ರೀತಿಯಲ್ಲೇ ಅವರು ನನ್ನನ್ನು ನೋಡುತ್ತಿದ್ದರು.

ಮಾಮಾ ಈಗ ನಾಣ್ಯ ಮುಟ್ಟುವುದಿಲ್ಲ. ಆ ಹನ್ನೊಂದು ನನ್ನ ಬೀರುವಿನಲ್ಲಿವೆ, ಒಂದೊಂದಕ್ಕೆ ಒಂದೊಂದು ಪೊಟ್ಟಣ. ಪ್ರತಿ ತಿಂಗಳು ಅಳೆಯುತ್ತೇನೆ. ಎಲ್ಲವೂ ಸೊನ್ನೆಯೇ ಇದ್ದವು. ಹೋದ ತಿಂಗಳು ಏಳನೆಯದು ಎರಡು ಡಿಗ್ರಿ ತೋರಿಸಿತು, ಎಡಕ್ಕೆ. ಎರಡು ಡಿಗ್ರಿಯಷ್ಟು ವ್ಯತ್ಯಾಸ ಅಳೆಯುವ ಕೈಯದ್ದೇ ಇರುತ್ತದೆ ಎಂದು ಮಕ್ಕಳಿಗೆ ನಾನೇ ಕಲಿಸುತ್ತೇನೆ. ಈ ತಿಂಗಳ ಭಾನುವಾರಗಳು ಎರಡು ಕಳೆದವು. ಬೀರುವಿನ ಬೀಗ ನಾನಿನ್ನೂ ತೆಗೆದಿಲ್ಲ.