ಲೋಕಲ್ ನಿಲ್ಲಿಸಿದ ಮದುಮಗ

ಓಡುವ ಲೋಕಲ್ ಗಾಡಿಯನ್ನು ಬರಿಗಾಲಿನಿಂದ ನಿಲ್ಲಿಸಿದ ಗಂಡಸು ಇಡೀ ಮುಂಬೈಯಲ್ಲಿ ನಾನೊಬ್ಬನೇ. ಅದರ ಮೋಟರ್‌ಮನ್, ಗಾರ್ಡ್ ಇಬ್ಬರೂ ತೀರಿಕೊಂಡರು, ಇಲ್ಲದಿದ್ದರೆ ಕರೆಸಿ ಹೇಳಿಸುತ್ತಿದ್ದೆ.

ಎಪ್ಪತ್ತನೇ ಇಸವಿಯ ಸುಮಾರು. ಆಗಷ್ಟೇ ಮದುವೆಯಾಗಿತ್ತು. ದಹಿಸರ್‌ನಲ್ಲಿ ನಮ್ಮ ಹೊಸ ಅರಮನೆ ಅಂದರೆ ಒಂದೇ ಖೋಲಿ. ಅದರಲ್ಲಿ ನನ್ನ ತಮ್ಮಂದಿರೂ ಇದ್ದರು. ಹಾಗಾಗಿ ಹನಿಮೂನಿಗೆಂದು ಹೆಂಡತಿಯನ್ನು ಬಾಂದ್ರಾದ ಸಮುದ್ರಕ್ಕೆ ಹೊರಡಿಸಿದೆ. ರೈಲ್ವೆಯವರ ಜಾಣತನ ನೋಡಿ, ಹೊಸ ಜೋಡಿಗೂ ಬೇರೆ ಬೇರೆ ಡಬ್ಬಿ! ಆಕೆಯನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, "ಬಾಂದ್ರಾ ಬಂತಂದ್ರ ಇಳಿ. ತಪ್ಪಿಸಿಕೊಂಡ್ರ ಈ ಊರಾಗ ಮತ್ತ ಸಿಗೂದಿಲ್ಲ ನೀ" ಎಂದೆ.

ಬಾಂದ್ರಾದಲ್ಲಿ ನಾನು ಹುಲಿಯಂತೆ ಹಾರಿದೆ. ಆಕೆ ಇಳಿಯಲೇ ಇಲ್ಲ, ಗಾಡಿ ಹೊರಟುಬಿಟ್ಟಿತು. ಹಿಂದಿಯ ಒಂದು ಮಾತೂ ಬಾರದ ಹುಡುಗಿ! ಬಾಗಿಲ ಕಂಬಿ ಹಿಡಿದು, ಕಾಲನ್ನು ನೆಲಕ್ಕೆ ಒತ್ತಿದೆ. ಗಾಡಿ ಗಕ್ಕನೆ ನಿಂತಿತು.

ಮೊಮ್ಮಕ್ಕಳಿಗೆ ಇಷ್ಟು ಹೇಳುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಬಂದಳು. "ಸುಳ್ಳಿಗೂ ಒಂದ್ ಮಿತಿ ಬ್ಯಾಡೇನ್ರೀ? ಬುತ್ತಿ ಹಿಡ್ಕೊಂಡು ಬಾಂದ್ರಾದಾಗ ಇಳಿದು ನಿಂತಾಕಿ ನಾನು. ಗದ್ದಲದಾಗ ಇಳೀಲಿಕ್ಕಾಗ್ದ, 'ನಿಲ್ಲಿಸ್ರೋ' ಅಂತ ಅಳಕೋತ ಮಾಹಿಮ್ ಸ್ಟೇಷನ್ ತನಕ ಹೋದವ್ರು ನೀವು!"

ನಾನು ಟೊಪ್ಪಿಗೆ ಸರಿಮಾಡಿಕೊಂಡೆ.

"ಅದಿರ್ಲಿ, ಮಾಹಿಮಿನ್ಯಾಗ ಗಾಡಿ ನಿಂತಿತೋ ಇಲ್ಲೋ?"